ಒಡೆಯದ ಹಾಲು

ಹದಿನಾಲ್ಕು ವರ್ಷ ನಾನು ನಮ್ಮ ಊರಿನ ಬಟ್ಟಲು ಹೊತ್ತಿದ್ದೇನೆ. ಏಳು ಓಣಿ, ಇನ್ನೂರ ಹನ್ನೊಂದು ಮನೆ. ಹೊತ್ತು ಮೂಡುತ್ತಿದ್ದಂತೆ ಒಂದು ಕೈಯಲ್ಲಿ ಆಗಷ್ಟೇ ಕರೆದ ಹಾಲಿನ ಗಡಿಗೆ, ಬಗಲಲ್ಲಿ ಬಿಳಿ ಪಿಂಗಾಣಿಯ ಬಟ್ಟಲು. ಸರದಿಯ ಮನೆಯವರು ಅಂಗಳಕ್ಕೆ ಬಂದು, ಎಡಗೈಯ ಉಂಗುರ ಬೆರಳನ್ನು ಹಾಲಿನಲ್ಲಿ ಅದ್ದಿ, ಇಪ್ಪತ್ತು ಎಣಿಸುವತನಕ ಅಲುಗದೆ ನಿಲ್ಲಬೇಕು. ಮೈಯಲ್ಲಿ ಹುಳದ ಜಡ್ಡು ಇದ್ದರೆ ಬೆರಳಿನ ಸುತ್ತ ಹಾಲು ಮೊದಲು ತೆಳ್ಳಗೆ ನೀಲಿಯಾಗುತ್ತದೆ, ಆಮೇಲೆ ಎಳೆಯೆಳೆಯಾಗಿ ಬಿಚ್ಚಿಕೊಂಡು ತಳಕ್ಕೆ ಇಳಿಯುತ್ತದೆ. ಆಗ ನಾನು ಓಣಿಗೆಲ್ಲ ಕೇಳುವಂತೆ “ಒಡೀತು” ಎಂದು ಕೂಗುತ್ತೇನೆ. ಇಲ್ಲದಿದ್ದರೆ “ನಿಂತೈತಿ”. ಬಟ್ಟಲು ಮುಗಿಸಿ ಬಂದು ಮಗಳಿಗೆ ರೊಟ್ಟಿ ಬಡಿದಿಟ್ಟು, ಗಾಣದ ಮನೆಗೆ ಹೋಗಿ ಸಂಜೆಯವರೆಗೆ ಹಿಂಡಿ ತುಂಬುವುದು. ಎರಡು ಕೆಲಸ, ಒಂದು ಬೆನ್ನು.

ನಮ್ಮವರಿಗೆ ಇದೆಲ್ಲ ಹಲ್ಲುಜ್ಜಿದಷ್ಟೇ ಸಹಜ. ಚಹಾದ ಅಂಗಡಿಯವರು ಒಡೆದವರಿಗೆ ಕೇಳದೆಯೇ ಕರಿ ಚಹಾ ಕೊಡುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಬಟ್ಟಲು ತರಿಸುತ್ತಾರೆ, ಆಮೇಲೆ ಹುಡುಗಿಯ ಹೆಸರು ಕೇಳುತ್ತಾರೆ. ಶಾಲೆಯಲ್ಲಿ ಒಡೆದ ಮಕ್ಕಳಿಗೆ ಹಿಂದಿನ ಸಾಲು. ಒಮ್ಮೆ ಮಿಠಾಯಿ ಅಂಗಡಿಯ ಚಂದ್ರಾಮಪ್ಪ ನಿಂಬೆಹಣ್ಣು ಯಾಕೆ ದಂಡ ಮಾಡಬೇಕೆಂದು ಒಡೆದವನೊಬ್ಬನನ್ನು ಸಂಬಳಕ್ಕಿಟ್ಟುಕೊಂಡು ಹಾಲು ಒಡೆಸಿ ಸಿಹಿ ಮಾಡಿದ. ಊರಿನ ನಾಯಿಯೂ ಮೂಸಲಿಲ್ಲ. ಈಗಲೂ ಅವನನ್ನು ಕಂಡರೆ ಹುಡುಗರು “ಬೆರಳ ಪೇಡೆ ಹೆಂಗ ಮಾಮಾ?” ಎಂದು ಕೂಗಿ ಓಡುತ್ತಾರೆ.

ಜಡ್ಡಿಗೆ ಔಷಧಿ ಇದೆ. ಹಳದಿ ಪುಡಿ. ಪುಡಿಮನೆ ಎಂದು ನಾವು ಕರೆಯುವ ದವಾಖಾನೆಯಿಂದ ನಲವತ್ತು ಪೊಟ್ಟಣ ಕೊಡುತ್ತಾರೆ, ದಿನಕ್ಕೊಂದು. ಆದರೆ ಹತ್ತು ಹನ್ನೆರಡು ದಿನಕ್ಕೇ ಹಾಲು ನಿಲ್ಲುತ್ತದೆ. ಹಾಲು ನಿಂತ ದಿನ ಆ ಮನೆಯವರು ಓಣಿಗೆಲ್ಲ ಶಾವಿಗೆ ಪಾಯಸ ಹಂಚುತ್ತಾರೆ, ಉಳಿದ ಪೊಟ್ಟಣಗಳನ್ನು ಬಟ್ಟಲಿನವಳ ಕೈಗೆ ಮರಳಿ ಕೊಡುತ್ತಾರೆ. ನಿಂತ ಹಾಲಿನ ಮೇಲೂ ಪುಡಿ ತಿನ್ನುವುದೆಂದರೆ ಹಾಲಿನ ಮಾತನ್ನು ನಂಬದೆ ಇದ್ದಂತೆ. ಹಾಗೆ ತಿಂದವರಿಗೆ ಮತ್ತೆ ಬಂದೇ ಬರುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಅವಳೂ ಬಟ್ಟಲು ಹೊತ್ತವಳೇ. ಕೆಲವು ತಾಯಂದಿರು “ಇನ್ನೆರಡು ದಿನ ತಿನಸ್ತೀನಿ, ಇರಲಿ ಬಿಡ” ಎಂದು ಪೊಟ್ಟಣ ಸೆರಗಿಗೆ ಕಟ್ಟಿಕೊಂಡರೆ ನಾನು ಗಂಟು ಬಿಚ್ಚಿಸಿ ಒಯ್ಯುತ್ತಿದ್ದೆ. ಮತ್ತೊಬ್ಬರಿಗೆ ಬೇಕಾಗುತ್ತದಲ್ಲ. ನನಗೆ ಅದು ನ್ಯಾಯವೆಂದೇ ಅನಿಸಿತ್ತು.

ನನ್ನ ಮಗಳು ಸುಗಂಧಾಳ ಹಾಲು ಒಡೆದದ್ದು ಹೋದ ಸುಗ್ಗಿಯಲ್ಲಿ. ಹನ್ನೊಂದು ವರ್ಷದ ಹುಡುಗಿ, ಹಿಂದಿನ ಸಾಲಿಗೆ ಹೋಗಬೇಕಾಯಿತೆಂದು ಮೂರು ದಿನ ಉಣ್ಣಲಿಲ್ಲ. ಹನ್ನೊಂದನೆಯ ದಿನ ನಿಂತಿತು. ಅವಳೇ ಕುಣಿಯುತ್ತ ಪಾಯಸದ ಪಾತ್ರೆ ಹಿಡಿದು ಮನೆಮನೆಗೆ ಹೋದಳು. ನಮ್ಮ ಮನೆಯ ಇಪ್ಪತ್ತೊಂಬತ್ತು ಪೊಟ್ಟಣವನ್ನು ನಾನೇ ಬುಟ್ಟಿಗೆ ಹಾಕಿಕೊಂಡು ಹೋಗಿ ಕೆಳಗಿನ ಓಣಿಯವರಿಗೆ ಕೊಟ್ಟೆ.

ದೀಪಾವಳಿ ಹೊತ್ತಿಗೆ ಅವಳು ಬಾವಿಯ ಮೆಟ್ಟಿಲು ಹತ್ತುವಾಗ ನಡುವೆ ಕೂರತೊಡಗಿದಳು. ಮಾಸ್ತರರು “ತರಗತಿಯಾಗ ನಿದ್ದಿ ಹೊಡಿತಾಳ ನೋಡವಾ” ಎಂದು ದೂರಿದರು. ನಾನು ಬೈದೆ. ಗಾಣದ ಮನೆಯಿಂದ ಬಂದವಳು ಒಲೆಯ ಮೇಲೆ ಏನೂ ಇಲ್ಲದ್ದು ನೋಡಿ ಒಂದು ಸಲ ಹೊಡೆದೂ ಬಿಟ್ಟೆ. ಆಮೇಲೆ ಗೆಜ್ಜೆ ಅವಳ ಊದಿದ ಹರಡಿಗೆ ಬಿಗಿಯಾಗಿ ಕಚ್ಚಿಕೊಂಡಿರುವುದು ಕಂಡಿತು. ಬಿಚ್ಚಲು ಬರದೆ ಅಕ್ಕಸಾಲಿಗನ ಹತ್ತಿರ ಕತ್ತರಿಸಿಕೊಂಡು ಬಂದೆ. ಮರುದಿನ ಮುಂಜಾನೆ ಮೊದಲ ಹಾಲಿಗೆ ಅವಳ ಬೆರಳನ್ನೇ ಅದ್ದಿಸಿದೆ. ಇಪ್ಪತ್ತು ಎಣಿಸಿದೆ, ನಲವತ್ತು ಎಣಿಸಿದೆ. ಹಾಲು ಗೋಡೆಗೆ ಬಳಿದ ಸುಣ್ಣದ ಹಾಗೆ ಬೆಳ್ಳಗೆ ನಿಂತಿತ್ತು.

“ನಂದು ನಿಂತೈತಿ ಅವ್ವಾ, ನೋಡು” ಎಂದಳು. ಅವಳಿಗೆ ಏದುಸಿರು.

ಅವಳ ಅಪ್ಪನದೂ ಹೀಗೆಯೇ ನಿಂತಿತ್ತು. ನಿಂತು ವರ್ಷವಾದ ಮೇಲೆ, ಒಂದು ದಿನ ಹೊಲದ ಬದುವಿನ ಮೇಲೆ ಕೂತವರು ಏಳಲಿಲ್ಲ. ಎದೆಬ್ಯಾನಿ ಅಂದರು. ನಾವೂ ಹಾಗೇ ಅಂದೆವು.

ಪುಡಿಮನೆಯಲ್ಲಿ ರಕ್ತ ನೋಡುವವಳು ಖೈರುನ್ನಿಸಾ. ಎಲ್ಲರಿಗೂ ಖೈರೂನಕ್ಕ. ಅವಳಿಗೆ ಸೂಕ್ಷ್ಮದರ್ಶಕ ಬಂದದ್ದೇ ಹೋದ ವರ್ಷ. ಅದಕ್ಕೂ ಮುಂಚೆ ಬಟ್ಟಲೇ ಎಲ್ಲ. ಯಂತ್ರ ಬಂದ ಮೇಲೂ ಊರವರು ಅವಳ ಬಳಿ ಹೋಗುತ್ತಿರಲಿಲ್ಲ. ಹಾಲು ಹೇಳಿದ ಮೇಲೆ ಗಾಜು ಯಾಕೆ ಎನ್ನುತ್ತಿದ್ದರು. ನಾನು ಸುಗಂಧಾಳನ್ನು ಕರೆದುಕೊಂಡು ಹೋದಾಗ ಖೈರೂನಕ್ಕ ಅವಳ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ತೊಟ್ಟು ಹಚ್ಚಿ, ಬಹಳ ಹೊತ್ತು ಬಗ್ಗಿ ನೋಡಿದಳು. ಆಮೇಲೆ ಹುಡುಗಿಯ ಕೈಗೆ ಬಿಸ್ಕೀಟು ಕೊಟ್ಟು ಹೊರಗೆ ಕೂರಿಸಿ ಬಂದಳು.

“ಕಳಕವ್ವಾ, ಹುಳ ತುಂಬ್ಯಾವ.”

“ಹಾಲು ನಿಂತೈತಲ್ಲಕ್ಕಾ.”

“ಹಾಲಿನ ಸುದ್ದಿ ಬಿಡು. ಪುಡಿ ಚಾಲೂ ಮಾಡು, ನಲವತ್ತೂ ದಿನ.”

ಗುಟ್ಟಾಗಿ ತಿನ್ನಿಸಿದೆ. ಇಪ್ಪತ್ತೈದು ದಿನ ಕಳೆದರೂ ಊತ ಇಳಿಯಲಿಲ್ಲ, ಕಣ್ಣ ರೆಪ್ಪೆಗೂ ಏರಿತು. ಮತ್ತೆ ಹೋದೆ. ಖೈರೂನಕ್ಕ ಎರಡು ಗಾಜು ಇಟ್ಟಳು. ಒಂದರಲ್ಲಿ ಆ ವಾರ ಹೊಸದಾಗಿ ಒಡೆದ ಗೌಂಡಿಯೊಬ್ಬನ ರಕ್ತ. ಇನ್ನೊಂದರಲ್ಲಿ ನನ್ನ ಮಗಳದು. ಎರಡಕ್ಕೂ ಪುಡಿ ಕಲಸಿದ ನೀರಿನ ಒಂದೊಂದು ಹನಿ ಬಿಟ್ಟು, “ಕಣ್ಣು ಹಚ್ಚಿ ನೋಡು” ಅಂದಳು. ಗೌಂಡಿಯ ಗಾಜಿನಲ್ಲಿ ಸಣ್ಣ ಸಣ್ಣ ಕೊಕ್ಕೆಯಂಥ ಹುಳಗಳು ಒದ್ದಾಡಿ, ನಿಧಾನವಾಗಿ, ನೋಡನೋಡುತ್ತ ನಿಂತುಹೋದವು. ಮಗಳ ಗಾಜಿನಲ್ಲಿ ಅವು ಕೆರೆಗೆ ಬಿದ್ದ ಹುಡುಗರ ಹಾಗೆ ಈಜುತ್ತಲೇ ಇದ್ದವು. ನಾನು ಕಣ್ಣು ತೆಗೆದು ಮತ್ತೆ ಹಚ್ಚಿದೆ. ಈಜುತ್ತಲೇ ಇದ್ದವು.

“ಯಾಕಕ್ಕಾ? ಅದ ಪುಡಿ ಅಲ್ಲೇನ?”

“ಅದ ಪುಡಿ. ಆದ್ರ ಪುಡಿ ಹಂಗ ಇದ್ರ ಏನೂ ಮಾಡೂದಿಲ್ಲ. ಬಾಯಿ ಕಟ್ಟಿದ ಗಂಟು ಇದ್ದಂಗ ಅದು. ಒಳಗ ವಿಷ ಐತಿ, ಯಾರರ ಬಿಚ್ಚಬೇಕು. ಬಿಚ್ಚಾವ್ರು ಯಾರು? ಹುಳನ. ಅದರ ಕಡೆ ಒಂದು ಕತ್ತರಿ ಐತಿ ಅಂತ ತಿಳ್ಕೊ. ಪುಸ್ತಕದಾಗ ಕಿಣ್ವ ಅಂತಾರ. ಆ ಕತ್ತರೀಲೆ ಅದು ನಮ್ಮ ಮಾಂಸ ಕೊಯ್ದು ದಾರಿ ಮಾಡ್ಕೋತೈತಿ. ಆ ಕತ್ತರಿ ಬೆವರಿನ್ಯಾಗ ಬಂದು ಹಾಲು ಒಡಿತೈತಿ. ಅದ ಕತ್ತರೀಲೆ ಪುಡಿ ಗಂಟು ಕತ್ತರಿಸಿ ತನ್ನ ಸಾವು ತಾನ ನುಂಗತೈತಿ.”

“ಹಂಗಾರ ಇವು?”

“ಸಾವಿರ ಹುಳದಾಗ ಹತ್ತು ಕತ್ತರಿ ಇಲ್ದಾವು ಇರ್ತಾವ. ಮೆತ್ತಗಿನ್ವು. ಭಾಳ ಕೊಯ್ಯಂಗಿಲ್ಲ, ಸಾವಕಾಶ ಹೋಗ್ತಾವ, ಹೃದಯದಾಗ ಮನಿ ಮಾಡ್ತಾವ. ಹನ್ನೊಂದು ದಿನಕ್ಕ ಕತ್ತರಿ ಇದ್ದಾವೆಲ್ಲ ಸತ್ವು. ಹಾಲು ನಿಂತಿತು. ಉಳಿದ ಹತ್ತು ಬೆಳದ್ವು. ಸತ್ತಾವ್ರ ಕತ್ತರಿ, ಹಾಲು ಒಡಿಯೂವಷ್ಟಲ್ಲದಿದ್ರೂ, ರಕ್ತದಾಗ ಕೆಲವು ದಿನ ಉಳಿತಾವ; ನಲವತ್ತು ದಿನ ತಿಂದಿದ್ರ ಅವು ಬಿಚ್ಚಿದ ವಿಷ ತಾಗಿ ಇವೂ ಹೋಗ್ತಿದ್ವೋ ಏನೋ. ಈಗ ಬಿಚ್ಚಾವ್ರ ಇಲ್ಲ.”

ನಾನು ಸ್ಟೂಲಿನ ಮೇಲೆ ಕೂತೆ. ಹದಿನಾಲ್ಕು ವರ್ಷ ಸೆರಗಿನ ಗಂಟು ಬಿಚ್ಚಿಸಿ ಒಯ್ದ ಪೊಟ್ಟಣಗಳು. ಗಂಡನ ಪೊಟ್ಟಣಗಳನ್ನೂ ಒಯ್ದಿದ್ದೆ.

“ಅತ್ರ ಆಗೂದಿಲ್ಲ” ಎಂದಳು ಖೈರೂನಕ್ಕ. “ಕರಿ ಸೂಜಿ ಐತಿ. ಅದಕ್ಕ ಕತ್ತರಿ ಬೇಕಾಗಿಲ್ಲ, ಬಾಯಿ ತೆರೆದ ವಿಷ ಅದು. ಹುಳಕ್ಕೂ ವಿಷ, ಮನಶ್ಯಾಗೂ ವಿಷ. ಆರು ಮಂದಿಗೆ ಕೊಟ್ರ ಒಬ್ರು ಹೋಗ್ತಾರ. ಕೊಡ್ಲಿಲ್ಲಂದ್ರ ಹುಡುಗಿ ಮುಂದಿನ ಸುಗ್ಗಿ ನೋಡೂದಿಲ್ಲ.”

ಕರಿ ಸೂಜಿ ಊರಲ್ಲಿ ನಾಲ್ಕು ಮಂದಿಗಾಗುವಷ್ಟು ಮಾತ್ರ ಉಳಿದಿತ್ತು. ಪೆಟ್ಟಿಗೆಯ ಕೀಲಿ ಪಂಚರ ಕೈಯಲ್ಲಿ. ಓಣಿಯ ಮುಂದೆ ಹಾಲು ಒಡೆದವರಿಗಷ್ಟೇ, ಅದೂ ಮೊದಲೊಮ್ಮೆ ಪುಡಿ ತಿಂದವರಾದರೆ, ಅದನ್ನು ಕೊಡಬಹುದು. ಹಾಲು ನಿಂತವರಿಗೆ ಸೂಜಿ ಹಾಕಿದರೆ ಖೈರೂನಕ್ಕ ಊರು ಬಿಡಬೇಕು.

ಪಂಚರ ಹಿರಿಯ ರುದ್ರಗೌಡರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಗಾಜಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು. ಒಳ್ಳೆಯ ಮನುಷ್ಯರು, ನನ್ನ ಗಂಡ ಸತ್ತಾಗ ಆರು ತಿಂಗಳು ಜೋಳ ಕಳಿಸಿದವರು.

“ಅಲ್ಲವಾ ಕಳಕವ್ವಾ, ನೀ ಹೇಳೂದು ಖರೇ ಅಂತ ಇಟ್ಕೊಳ್ಳೂಣು. ಹಂಗಾದ್ರ ಈ ಊರಾಗ ನೆಟ್ಟಗಿದ್ದಾವ್ರು ಯಾರು? ನಿಂತ ಹಾಲು ನೋಡಿ ನಾವು ಎಷ್ಟು ಹೆಣ್ಣು ತಂದೀವಿ, ಎಷ್ಟು ಹೆಣ್ಣು ಕೊಟ್ಟೀವಿ. ಅವ್ರನ್ನೆಲ್ಲ ನಿಂದರಿಸಿ ಏನ್ ಹೇಳ್ಲಿ?”

“ನನ್ಗ ಮಗಳೊಬ್ಬಾಕಿನ ಅದಾಳ್ರಿ ಗೌಡ್ರ.”

“ಮಗಳ ಹಾಲು ನಿಂತೈತಿ. ಸಂತೋಷ ಪಡು. ಹುಡುಗೂರು ಬೆಳಿಯೋ ವಯಸ್ಸಿನ್ಯಾಗ ಸೊರಗ್ತಾವ” ಎಂದವರು, ಮಾತಾಡುತ್ತಲೇ ಧೋತರದ ಅಂಚನ್ನು ಎಳೆದು ತಮ್ಮ ಊದಿದ ಹರಡಿನ ಮೇಲೆ ಹೊದಿಸಿಕೊಂಡರು. ನಾನು ನೋಡಿದ್ದನ್ನು ಅವರೂ ನೋಡಿದರು. ಅವರ ಹಾಲು ಒಂಬತ್ತೇ ದಿನಕ್ಕೆ ನಿಂತದ್ದು ಊರಿಗೆಲ್ಲ ಗೊತ್ತಿದ್ದ ಹೆಮ್ಮೆಯ ಸಂಗತಿ.

ಮನೆಗೆ ಬಂದು ಸುಗಂಧಾಳನ್ನು ಎದುರಿಗೆ ಕೂರಿಸಿಕೊಂಡೆ. ನಾಳೆ ಬಟ್ಟಲಿಗೆ ಬೆರಳು ಅದ್ದುವ ಮುಂಚೆ ಉಗುರಿನ ಸಂದಿಗೆ ನಿಂಬೆ ಹುಳಿ ತುಂಬಿಕೊಳ್ಳಬೇಕು ಎಂದೆ.

“ನಂದು ನಿಂತೈತಲ್ಲ ಅವ್ವಾ!”

“ನಿಂತೈತಿ. ಒಡಿಬೇಕು.”

“ಎಲ್ಲಾರ ಮುಂದ?”

“ಹೂಂ.”

“ಹಿಂದಿನ ಸಾಲಿಗೆ ಕುಂದ್ರಸ್ತಾರ. ಸುವರ್ಣಾ ನನ್ನ ಬಾಜೂಕ ಬರೂದಿಲ್ಲ.”

“ಬರದಿದ್ರ ಬಿಡ್ಲಿ.”

ಅವಳು ಊದಿದ ರೆಪ್ಪೆಯಡಿಯಿಂದ ನನ್ನನ್ನೇ ನೋಡಿದಳು. “ಕೂಗಾವ್ರು ನೀನ?”

“ನಾನ ಕೂಗಬೇಕು, ಮತ್ಯಾರು.”

ಕೂಗಿದೆ. ನಿಂಬೆಗೆ ಒಡೆದ ಹಾಲು ಎಳೆಯಾಗುವುದಿಲ್ಲ, ತುಣುಕು ತುಣುಕಾಗಿ ಬಿರಿಯುತ್ತದೆ. ಯಾರೂ ಹತ್ತಿರ ಬಂದು ನೋಡದಿರಲೆಂದು ಬಟ್ಟಲನ್ನು ಎದೆಗೆ ಒತ್ತಿ ಹಿಡಿದು ಕೂಗಿದೆ. ಓಣಿಯವರು ಅಯ್ಯೋ ಎಂದರು. ಬಟ್ಟಲಿನವಳ ಮಗಳದೇ ಎರಡನೇ ಸಲ ಒಡೆಯಿತಲ್ಲ ಎಂದರು. ಸುಗಂಧಾ ಕಣ್ಣು ಮುಚ್ಚಿ ನಿಂತಿದ್ದಳು, ಬೆರಳಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಪಕ್ಕದ ಮನೆಯ ಪಾರವ್ವ ಮಾತ್ರ ಗೋಡೆಯ ಆಚೆಯಿಂದ ಮೂಗು ಎತ್ತಿ ಗಾಳಿ ಎಳೆದುಕೊಂಡು, ಒಳಗೆ ಹೋದಳು.

ವಾರಕ್ಕೊಂದರಂತೆ ಮೂರು ಸೂಜಿ. ಮೊದಲನೆಯದಕ್ಕೆ ಅವಳ ಕೈ ಭುಜದವರೆಗೆ ಕಪ್ಪಾಯಿತು. ಎರಡನೆಯದಾದ ಮೇಲೆ ಸೆಳೆತ ಬಂದು, ಎರಡು ದಿನ ನನ್ನ ಗುರುತು ಹತ್ತಲಿಲ್ಲ. ಪುಡಿಮನೆಯ ಚಾಪೆಯ ಮೇಲೆ ಅವಳನ್ನು ಮಲಗಿಸಿ, ಬೆಳಿಗ್ಗೆ ಬಟ್ಟಲು ಹೊತ್ತು ಊರೆಲ್ಲ ನಿಂತೈತಿ ನಿಂತೈತಿ ಎಂದು ಕೂಗಿ ಬಂದು, ಮತ್ತೆ ಅವಳ ಬಾಯಿಗೆ ನೀರು ಹನಿಸುತ್ತ ಕೂರುತ್ತಿದ್ದೆ. ಮೂರನೆಯ ಸೂಜಿ ಬೇಡವೆಂದು ಖೈರೂನಕ್ಕನ ಕಾಲು ಹಿಡಿದೆ. “ಈಗ ಬಿಟ್ರ ಹನ್ನೊಂದು ದಿನದ ಕಥಿನ ಮತ್ತ” ಎಂದು ಅವಳು ಕಾಲು ಬಿಡಿಸಿಕೊಂಡು ಸೂಜಿ ಹಾಕಿದಳು. ಹತ್ತು ದಿನದ ಮೇಲೆ ಗಾಜಿನಲ್ಲಿ ನನಗೂ ತೋರಿಸಿದಳು. ಒಂದೂ ಈಜುತ್ತಿರಲಿಲ್ಲ. ಮಗಳು ಉಳಿದಳು. ಬಲಗಿವಿ ಕೇಳುವುದಿಲ್ಲ. ಎಡಗಡೆಯಿಂದ ಕರೆದರೆ ತಿರುಗುತ್ತಾಳೆ.

ಪಾರವ್ವ ಬಾವಿಕಟ್ಟೆಯಲ್ಲಿ ನನ್ನನ್ನು ಹಿಡಿದಳು. ಬಟ್ಟೆ ಕುಕ್ಕುವುದನ್ನು ನಿಲ್ಲಿಸಲಿಲ್ಲ.

“ನಿಂಬಿಹಣ್ಣಿನ ವಾಸನಿ ನನ್ಗ ತಿಳಿಯೂದಿಲ್ಲ ಅಂತ ತಿಳಿದಿದ್ದೇನ?”

ಹೇಳಿದೆ. ಎಲ್ಲ ಹೇಳಿದೆ. ಅವಳು ಸೀರೆ ಹಿಂಡಿ, ಝಾಡಿಸಿ, ಬುಟ್ಟಿಗೆ ಹಾಕಿ, “ಬಾ, ನಮ್ಮೋರ ಕಾಲು ನೋಡು ಬಾ” ಎಂದಳು.

ಅವಳ ಗಂಡ ಅಡಿವೆಪ್ಪಣ್ಣ ಮಗ್ಗದ ಕುಣಿಯಲ್ಲಿ ಊದಿದ ಕಾಲು ಇಳಿಬಿಟ್ಟು ಕೂತಿದ್ದ. ಆ ಕಾಲುಗಳನ್ನು ತುಳಿಯುವ ಹಲಗೆಯಿಂದ ಎತ್ತಲು ಹೆಂಡತಿಯ ಸಹಾಯ ಬೇಕಾಯಿತು. ಅವನು ಓಣಿಯಲ್ಲೇ ದೊಡ್ಡ ಮಾತುಗಾರ. ಸೂಜಿಯ ವಿಷಯ, ಆರರಲ್ಲಿ ಒಬ್ಬರ ವಿಷಯ, ಏನನ್ನೂ ಮುಚ್ಚಿಡದೆ ಹೇಳಿದೆ.

“ಐದು ಮಂದಿ ಉಳಿತಾರಲ್ಲ” ಎಂದ. “ಬಸ್ಸಿನ್ಯಾಗ ಸೀಟು ಹಿಡಿದಂಗ ಹೆಂಗರ ನುಗ್ಗಿ ಆ ಐದರಾಗ ಕುಂತಬಿಡ್ತೀನಿ. ಆದ್ರ ಒಂದು ಮಾತು ತಂಗಿ, ಪುಡಿ ತಿಂದು ಲಗ್ನದಾಗ ಬೀಗರ ಮುಂದ ನಿಂತ ಹಾಲು ಇದು. ಈಗ ಮುದುಕ ಆದಮ್ಯಾಗ ಒಡಿತಂದ್ರ ನನ್ನ ಹೆಣ್ತಿ ತೌರಿಗೆ ಹೋಗ್ತಾಳೇನ ಕೇಳು.”

“ಹೋದ್ರ ನಿಮ್ಮ ಕಾಲು ಎತ್ತಾವ್ರು ಯಾರು?” ಎಂದಳು ಪಾರವ್ವ.

ಖೈರೂನಕ್ಕನ ಗಾಜಿನಲ್ಲಿ ಹುಳ ಕಂಡ ಮೇಲೆ ಅವನ ಹಾಲನ್ನೂ ನಿಂಬೆಯಿಂದಲೇ ಒಡೆದೆ. ಕೂಗಿದೆ. ಮೊದಲ ಸೂಜಿಗೆ ನಗುತ್ತ ಮನೆಗೆ ಬಂದ. ಎರಡನೆಯದಕ್ಕೆ ಪುಡಿಮನೆಯ ಚಾಪೆಯ ಮೇಲೆ, ಸುಗಂಧಾ ಮಲಗಿದ್ದ ಚಾಪೆಯ ಮೇಲೇ, ಸೆಳೆತದಲ್ಲಿ ಹೋದ. ಊರವರು ಒಡೆದವನು ಸತ್ತ ಎಂದರು. ಹಾಲು ಎಂದೂ ಸುಳ್ಳು ಹೇಳುವುದಿಲ್ಲ ನೋಡು ಎಂದರು. ಮಣ್ಣು ಮಾಡಿ ಬಂದವರಿಗೆ ಪಾರವ್ವನ ಮನೆಯಲ್ಲಿ ಕರಿ ಚಹಾ ಕೊಟ್ಟರು. ನಾನು ಮೂಲೆಯಲ್ಲಿ ಕೂತು ಕುಡಿದೆ. ಅವಳು ನನ್ನತ್ತ ನೋಡಲಿಲ್ಲ.

ಅವನ ಸೂತಕದ ಹನ್ನೆರಡು ದಿನ ನಾನು ನಿಂಬೆಹಣ್ಣು ಮುಟ್ಟಲಿಲ್ಲ. ಬಟ್ಟಲು ಹೊತ್ತು ಹೋದ ಮನೆಮನೆಯಲ್ಲೂ ಈಗ ಕಾಲು ಕಾಣುತ್ತಿದ್ದವು, ರೆಪ್ಪೆ ಕಾಣುತ್ತಿದ್ದವು, ಮೆಟ್ಟಿಲ ಮೇಲೆ ಕೂತು ಉಸಿರು ಹಿಡಿಯುವವರು ಕಾಣುತ್ತಿದ್ದರು. ನಿಂತೈತಿ ಎನ್ನುತ್ತಿದ್ದೆ. ಬಾಯಿ ತೆರೆದರೆ ನಿಂಬೆಯ ಸುದ್ದಿ ಹೊರಬೀಳುತ್ತದೆ, ಖೈರೂನಕ್ಕ ಊರು ಬಿಡುತ್ತಾಳೆ, ಕಿವುಡಿ ಮಗಳನ್ನು ಕಟ್ಟಿಕೊಂಡು ನಾನೆಲ್ಲಿಗೆ ಹೋಗಲಿ. ಹೀಗೆ ಅಂದುಕೊಂಡೇ ಮುಂದಿನ ಮನೆಗೆ ಹೋಗುತ್ತಿದ್ದೆ.

ಹದಿಮೂರನೆಯ ದಿನ ಪಾರವ್ವನ ಸರದಿ. ಸೂತಕ ಕಳೆದಿತ್ತು, ಓಣಿಯವರು ನೋಡಲು ನಿಂತಿದ್ದರು. ಅವಳು ಅಂಗಳಕ್ಕೆ ಬಂದು, ಸೀರೆಯ ನಿರಿಗೆ ಎತ್ತಿ ಊದಿದ ಕಾಲು ನನಗಷ್ಟೇ ಕಾಣುವಂತೆ ತೋರಿಸಿದಳು. ಆಮೇಲೆ ಬಲಗೈಯಿಂದ ಎಡಗೈಯ ಬೆರಳನ್ನು ಎಲ್ಲರೆದುರು ಒರೆಸಿದಳು.

“ಏನೂ ಹಚ್ಚಿಲ್ಲ” ಎಂದಳು ಮೆಲ್ಲಗೆ. “ಹಚ್ಚೂದೂ ಇಲ್ಲ. ಅವ್ರು ಸುಳ್ಳು ಹೊತಗೊಂಡು ಹೋದ್ರು. ನಾ ಹಂಗ ಹೋಗಾಕಿ ಅಲ್ಲ. ಸೂಜಿ ತಗೊಳ್ಳಾಕ ತಯಾರ ಅದೀನಿ. ಸತ್ರೂ ಯಾಕ ಸತ್ಲು ಅಂತ ಊರಿಗೆ ತಿಳೀಲಿ. ಇದ್ದದ್ದು ಇದ್ದಂಗ ಕೂಗು.”

ಬೆರಳು ಅದ್ದಿದಳು. ಇಪ್ಪತ್ತು ಎಣಿಸಿದೆ. ಹಾಲು ಬೆಳ್ಳಗೆ ನಿಂತಿತ್ತು.

“ನಿಂತೈತಿ” ಎಂದು ಕೂಗಿದೆ. ಜನ ಚದುರತೊಡಗಿದರು. “ನಿಂತೈತಿ. ಜಡ್ಡೂ ಐತಿ.”

“ಏನಂದಿ?” ಎಂದರು ಯಾರೋ.

“ಹಾಲು ನಿಂತೈತಿ, ಮೈಯಾಗ ಹುಳ ತುಂಬ್ಯಾವ. ನನ್ನ ಮಗಳಿಗೂ ಹಿಂಗ ಇದ್ವು. ಅಡಿವೆಪ್ಪಣ್ಣಗೂ ಇದ್ವು. ಅವ್ರಿಬ್ರ ಹಾಲು ನಾ ನಿಂಬಿಹುಳಿ ಹಾಕಿ ಒಡೆದಿದ್ದೆ. ಹತ್ತು ದಿನಕ್ಕ ಪುಡಿ ಬಿಟ್ಟಾವ್ರಿಗೆಲ್ಲ ಹಿಂಗ ಇರಬೇಕು. ಖೈರೂನಕ್ಕನ ಕಡೆ ಹೋಗಿ ರಕ್ತ ತೋರಸ್ರಿ.”

ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಬಾಗಿಲೊಂದು ಮುಚ್ಚಿಕೊಂಡಿತು. ಆಮೇಲೆ ಕುಂಬಾರರ ಸೊಸೆ ಗಂಗಾಬಾಯಿ ನಾಲ್ಕು ವರ್ಷದ ಮಗನನ್ನು ಟೊಂಕದ ಮೇಲೆ ಹೊತ್ತು ಮುಂದೆ ಬಂದಳು. ಆರು ತಿಂಗಳ ಹಿಂದೆ ಸೆರಗಿಗೆ ಪೊಟ್ಟಣ ಕಟ್ಟಿಕೊಂಡು ಕೊಡುವುದಿಲ್ಲ ಎಂದು ಹಟ ಹಿಡಿದವಳು ಅವಳೇ.

“ಹಂಗಾರ ನಮ್ಮ ಪುಡಿ ಯಾಕ ಒಯ್ದಿ?” ಎಂದಳು.

“ಒಯ್ದೆ” ಎಂದೆ.

ಅವಳು ಮಗುವನ್ನು ನನ್ನ ಮುಂದೆ ನಿಲ್ಲಿಸಿದಳು. “ನೋಡು.”

ಬಟ್ಟಲನ್ನು ಪಾರವ್ವನ ಕೈಗೆ ಕೊಟ್ಟು ನೆಲದ ಮೇಲೆ ಕೂತೆ. ಊತವಿದ್ದರೆ ಒತ್ತಿದ ಕುಳಿ ಬೇಗ ತುಂಬುವುದಿಲ್ಲವೆಂದು ಖೈರೂನಕ್ಕ ಹೇಳಿದ್ದಳು; ಅವಳು ನೋಡುವ ಹಾಗೆಯೇ, ಹುಡುಗನ ಹರಡಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಅವನಿಗೆ ಕಚಗುಳಿಯಾಗಿ ನಕ್ಕ. ಬೆರಳು ತೆಗೆದೆ. ಒತ್ತಿದ ಜಾಗದಲ್ಲಿ ಸಣ್ಣ ಕುಳಿ ಬಿದ್ದಿತ್ತು. ಅದು ತುಂಬಿಕೊಳ್ಳುವುದನ್ನೇ ಕಾಯುತ್ತ ಓಣಿಯೆಲ್ಲ ಬಗ್ಗಿ ನಿಂತಿತು.